ಓದುಗರ ಪ್ರಶ್ನೆ, ನಮ್ಮ ಉತ್ತರ: ಹೋಮ್ಸ್ ಕೌಂಟೀಲಿ ಯಾವ ಯೋಡರ್ ಯಾರ ಮಗ?

ಹೋದ ಸಂಚಿಕೇಲಿ ಅಮೆರಿಕದ ಒಹಾಯೋ ರಾಜ್ಯದ ಹೋಮ್ಸ್ ಕೌಂಟಿ ಬಗ್ಗೆ, ಅಲ್ಲಿ ಕುದುರೆ ಗಾಡೀಲಿ ಓಡಾಡೋ ಅಮಿಶ್ ಅನ್ನೋ ಕ್ರಿಶ್ಚಿಯನ್ ಪಂಥದ ಜನರ ಬಗ್ಗೆ ಯಾರೋ ಕೇಳಿದ್ರು, ಅರ್ಧ ಪುಟದಲ್ಲಿ ಉತ್ತರ ಬರೆದಿದ್ದೆ. ಕೊನೇಲಿ ಸುಮ್ನೆ ಇರ್ಲಿ ಅಂತ, ಅಲ್ಲಿ ವಂಶಾವಳಿ ಹುಡುಕೋದು ಸುಲಭಾನೂ ಹೌದು ತಲೆನೋವೂ ಹೌದು ಅಂತ ಒಂದು ಸಾಲು ಸೇರಿಸಿದ್ದೆ. ಆ ಒಂದು ಸಾಲಿಗೇ ಬಂದಿರೋ ಪತ್ರ ಜಾಸ್ತಿ, ಹಾಗಾಗಿ ಈ ಸಲ ಪೂರ್ತಿ ಅದೇ. ರಾಜಕೀಯ, ಸಿನಿಮಾ ಪ್ರಶ್ನೆ ಕಳಿಸಿದೋರು ಬೇಜಾರು ಮಾಡ್ಕೋಬೇಡಿ, ಮುಂದಿನ ಸಲ ಖಂಡಿತ.

ಪ್ರ: ನಾನು ರೆವಿನ್ಯೂ ಇಲಾಖೇಲಿ ಶಿರಸ್ತೇದಾರ್ ಆಗಿ ರಿಟೈರ್ ಆದವನು. ಈ ಕೌಂಟಿ ಅಂದ್ರೆ ನಮ್ಮ ಜಿಲ್ಲೇನಾ, ತಾಲೂಕಾ? ಹುಟ್ಟು ಸಾವು ಜಮೀನು ಎಲ್ಲಾ ದಾಖಲೆ ಅಲ್ಲೇ ಯಾಕಿರುತ್ತೆ? (ತುಮಕೂರಿನ ಓದುಗರು)

ಸರ್, ಅಧಿಕಾರದಲ್ಲಿ ಜಿಲ್ಲೆ, ಜನಸಂಖ್ಯೇಲಿ ನಮ್ಮ ಸಣ್ಣ ತಾಲೂಕಿಗಿಂತಾನೂ ಕಮ್ಮಿ. ಒಹಾಯೋದಲ್ಲಿ ಇಂಥವು 88 ಇವೆ. ಹೋಮ್ಸ್‌ನಲ್ಲಿ 2020ರ ಜನಗಣತಿ ಪ್ರಕಾರ ಇದ್ದಿದ್ದು 44,223 ಜನ, ಅದರಲ್ಲಿ ಹೆಚ್ಚುಕಮ್ಮಿ ಅರ್ಧ ಅಮಿಶ್. ಮುಖ್ಯ ಊರು ಮಿಲ್ಲರ್ಸ್‌ಬರ್ಗ್, ಅಲ್ಲಿ 1880ರ ದಶಕದಲ್ಲಿ ಕಟ್ಟಿದ ಕಲ್ಲಿನ ಕೋರ್ಟ್‌ಹೌಸ್ ಇದೆ. ಜಮೀನು ಪತ್ರ ನೋಂದಾಯಿಸೋನು ರೆಕಾರ್ಡರ್, ತೆರಿಗೆ ಲೆಕ್ಕ ಆಡಿಟರ್ ಹತ್ರ, ವಿಲ್ಲು ಮದುವೆ ಅಪ್ರಾಪ್ತರ ಆಸ್ತಿ ಎಲ್ಲಾ ಪ್ರೊಬೇಟ್ ಕೋರ್ಟಿಗೆ. ನಿಮಗೆ ಆಶ್ಚರ್ಯ ಆಗೋದು ಇದು: ರೆಕಾರ್ಡರ್, ಆಡಿಟರ್, ಪ್ರೊಬೇಟ್ ಜಡ್ಜ್ ಮೂರೂ ಜನ ವೋಟಲ್ಲಿ ಗೆದ್ದು ಬರ್ತಾರೆ. ನಮ್ಮ ಸಬ್ ರಿಜಿಸ್ಟ್ರಾರ್ ಎಲೆಕ್ಷನ್ನಿಗೆ ನಿಂತ್ರೆ ಹೇಗಿರುತ್ತೆ ಅಂತ ಯೋಚನೆ ಮಾಡಿ, ನಗು ಬರುತ್ತೆ.

ಒಹಾಯೋ ರಾಜ್ಯ ಆಗಿದ್ದು 1803ರಲ್ಲಿ. ಹೋಮ್ಸ್ ಕೌಂಟಿ ಮಾಡಬೇಕು ಅಂತ ಕಾಯ್ದೆ ಆಗಿದ್ದು 1824ರಲ್ಲಿ, ಆಡಳಿತ ಶುರುವಾಗಿದ್ದು 1825ರಲ್ಲಿ, ಕೊಶಾಕ್ಟನ್, ವೇಯ್ನ್, ಟಸ್ಕರಾವಸ್ ಅನ್ನೋ ಮೂರು ಕೌಂಟಿಗಳಿಂದ ತುಂಡು ತುಂಡು ತೆಗೆದು ಜೋಡಿಸಿದ್ರು. 1814ರಲ್ಲಿ ಮ್ಯಾಕಿನಾ ದ್ವೀಪದ ಕಾಳಗದಲ್ಲಿ ಸತ್ತ ಮೇಜರ್ ಆಂಡ್ರೂ ಹೋಮ್ಸ್ ಹೆಸರಿಟ್ರು. ವಂಶ ಹುಡುಕೋರಿಗೆ ಇದು ಯಾಕೆ ಮುಖ್ಯ ಅಂದ್ರೆ, 1825ಕ್ಕಿಂತ ಮುಂಚಿನ ಕಾಗದ ಮಿಲ್ಲರ್ಸ್‌ಬರ್ಗ್‌ನಲ್ಲಿ ಹುಡುಕಿದ್ರೆ ಸಿಗಲ್ಲ, ಜಮೀನು ಅಲ್ಲಾಡದೆ ಅಲ್ಲೇ ಇದ್ರೂ ಅದರ ಪತ್ರ ಹಳೇ ಕೌಂಟಿಯ ಕಚೇರೀಲಿ ಕೂತಿರುತ್ತೆ. ಜನಗಣತೀಲೂ ಅಷ್ಟೇ, ಹೋಮ್ಸ್ ಅನ್ನೋ ಹೆಸರು ಮೊದಲು ಕಾಣೋದು 1830ರಲ್ಲಿ, 1820ಕ್ಕೆ ಆ ಮೂರು ಕೌಂಟಿಗಳ ಪಟ್ಟಿ ತೆಗೀಬೇಕು, ಇನ್ನು 1810ರದ್ದು ಒಹಾಯೋಗೆ ಒಂದೇ ಒಂದು ಕೌಂಟಿ ಬಿಟ್ಟು ಎಲ್ಲಾ ಕಳೆದೇ ಹೋಗಿದೆ. ಅದಕ್ಕೇ ಅಲ್ಲಿನೋರು ಹಳೇ ತೆರಿಗೆ ಪಟ್ಟಿ ಮೇಲೆ ಬೀಳ್ತಾರೆ.

ಸರ್ವೆ ಗೊತ್ತಿರೋ ನಿಮಗೆ ಇನ್ನೊಂದು. ಅಮೆರಿಕ ಸರ್ಕಾರಕ್ಕೂ ಅಲ್ಲಿನ ಆದಿವಾಸಿಗಳಿಗೂ 1795ರಲ್ಲಿ ಆದ ಗ್ರೀನ್‌ವಿಲ್ ಒಪ್ಪಂದದ ಗಡಿ ಗೆರೆ ಈ ಕೌಂಟಿ ಮಧ್ಯದಲ್ಲೇ ಹಾದು ಹೋಗುತ್ತೆ. ಗೆರೆಯ ದಕ್ಷಿಣಕ್ಕೆ ಸ್ವಾತಂತ್ರ್ಯ ಯುದ್ಧದ ಸಿಪಾಯಿಗಳಿಗೆ ಇನಾಮು ಕೊಡೋಕೆ ಅಂತ ತೆಗೆದಿಟ್ಟ ಜಮೀನು, ಅಲ್ಲಿ ಟೌನ್‌ಶಿಪ್ (ಕೌಂಟಿಯನ್ನ ಅಳೆದು ಮಾಡಿದ ದೊಡ್ಡ ತುಂಡು) ಅಂದ್ರೆ 5 ಮೈಲಿ ಚೌಕ. ಉತ್ತರಕ್ಕೆ ಸರ್ಕಾರ ಮಾರಿದ ಜಮೀನು, ಅಲ್ಲಿ 6 ಮೈಲಿ ಚೌಕ, 36 ಸೆಕ್ಷನ್, ಒಂದೊಂದು ಸೆಕ್ಷನ್ 640 ಎಕರೆ. ಒಂದೇ ಕೌಂಟಿಗೆ ಎರಡು ಅಳತೆ. ಯಾವ ಕಡೆ ಜಮೀನು ಅಂತ ತಿಳೀದೆ ಪತ್ರ ಓದೋಕೆ ಕೂತ್ರೆ ನಂಬರು ಒಂದಕ್ಕೊಂದು ತಾಳೆ ಆಗಲ್ಲ.

ಪ್ರ: ನಮ್ಮ ಸೊಸೆ ಅಮೆರಿಕಾದವಳು, ಒಹಾಯೋದವಳು. ಅವಳ ಅಜ್ಜ ಹೋಮ್ಸ್ ಕೌಂಟೀಲಿ ಅಮಿಶ್ ಮನೇಲಿ ಹುಟ್ಟಿ ಆಮೇಲೆ ಅದನ್ನ ಬಿಟ್ಟು ಬಂದೋರಂತೆ, ಮನೆತನದ ಹೆಸರು ಯೋಡರ್. ಮೊಮ್ಮಗನಿಗೆ ಎರಡೂ ಕಡೆ ವಂಶವೃಕ್ಷ ಬರೆಸಿ ಇಡೋಣ ಅಂತ ಆಸೆ. ನಮ್ಮ ಕಡೇದು ಐದು ತಲೆಮಾರು ಆಯ್ತು. ಅವಳ ಕಡೇದಕ್ಕೆ ವೆಬ್‌ಸೈಟಲ್ಲಿ ಯೋಡರ್ ಅಂತ ಹಾಕಿದ್ರೆ ಸಾವಿರಾರು ಬರ್ತಾವೆ, ಒಂದೇ ಹೆಸರಿನೋರೇ ಒಂದು ರಾಶಿ. ಎಲ್ಲಿಂದ ಶುರು ಮಾಡ್ಲಿ? ವೆಬ್‌ಸೈಟಿಗೆ ದುಡ್ಡು ಕಟ್ಟಬೇಕಾ? (ಮೈಸೂರಿನ ಓದುಗರು)

ಅಮ್ಮ, ನಿಮ್ಮ ಪತ್ರ ಓದಿ ಖುಷಿ ಆಯ್ತು, ಅದಕ್ಕೇ ಈ ಉತ್ತರ ಉದ್ದ ಆಗುತ್ತೆ, ಟೀ ಇಟ್ಕೊಂಡು ಕೂತ್ಕೊಳ್ಳಿ.

ಮೊದಲನೇದು, ಹೆಸರಿನ ಹಿಂದೆ ಓಡಬೇಡಿ. ಯೋಡರ್, ಮಿಲ್ಲರ್, ಟ್ರಾಯರ್, ಹರ್ಷ್‌ಬರ್ಗರ್, ರೇಬರ್, ಇಷ್ಟರಲ್ಲೇ ಆ ಕೌಂಟಿ ಅಮಿಶ್ ಜನ ಎಷ್ಟೋ ಭಾಗ ಮುಗಿದು ಹೋಗುತ್ತೆ. ಮೊದಲ ಹೆಸರಂತೂ ಬೈಬಲ್ಲಿಂದ, ಅದೇ ಜೋನಸ್, ಅದೇ ಮೋಸೆಸ್, ಅದೇ ಎಲೈ. ಒಂದೇ ಟೌನ್‌ಶಿಪ್ಪಲ್ಲಿ ಒಂದೇ ಹೆಸರಿನ ಎರಡು ಮೂರು ಜನ, ವಯಸ್ಸೂ ಹೆಚ್ಚುಕಮ್ಮಿ ಒಂದೇ. ಊರೋರು ಇದಕ್ಕೆ ದಾರಿ ಕಂಡ್ಕೊಂಡಿದ್ರು, ಅಪ್ಪನ ಹೆಸರು ತಾತನ ಹೆಸರು ಸೇರಿಸಿ ಕರೆಯೋದು, ಇಲ್ಲಾ ಅಡ್ಡಹೆಸರು ಇಡೋದು. ಮಧ್ಯದಲ್ಲಿ ಬರೋ ಒಂದು ಅಕ್ಷರ ನೋಡಿ, ಅದು ನಮ್ಮ ಇನಿಶಿಯಲ್ ಥರಾನೇ, ಕೆಲವು ಕಡೆ ಅಪ್ಪನ ಹೆಸರಿನ ಮೊದಲ ಅಕ್ಷರ, ಕೆಲವು ಕಡೆ ಅಮ್ಮನ ತವರಿನ ಹೆಸರಿನದು. ಆ ಅಕ್ಷರ ಬಿಟ್ಟು ಹುಡುಕಿದ್ರೆ ಬೇರೆಯೋರ ತಾತ ನಿಮ್ಮ ಮೊಮ್ಮಗನಿಗೆ ಅಂಟಿಕೊಳ್ತಾನೆ, ಆನ್‌ಲೈನಲ್ಲಿ ಇರೋ ಎಷ್ಟೋ ವಂಶವೃಕ್ಷ ಹಾಗೇ ಕೆಟ್ಟಿರೋದು, ಒಬ್ರು ತಪ್ಪು ಹಾಕಿದ್ದನ್ನ ಮಿಕ್ಕೋರು ಕಾಪಿ ಮಾಡ್ಕೊಂಡು ಕೂತಿರ್ತಾರೆ.

ಇದರ ಜೊತೆಗೆ ಕಾಗುಣಿತದ ಕಥೆ ಬೇರೆ. ಮನೇಲಿ ಆಡೋದು ಜರ್ಮನ್ ಮೂಲದ ಮಾತು, ಲೆಕ್ಕ ಬರ್ಕೊಳ್ಳೋಕೆ ಬಂದೋನು ಇಂಗ್ಲಿಷಿನೋನು, ಕಿವಿಗೆ ಬಿದ್ದಂಗೆ ಬರೆದ. ಜೋಡರ್, ಯೊಟ್ಟರ್, ಯೋಡರ್ ಎಲ್ಲಾ ಒಂದೇ. ಮ್ಯುಲ್ಲರ್ ಮಿಲ್ಲರ್ ಆದ, ಟ್ರೆಯರ್ ಟ್ರಾಯರ್ ಆದ.

ಸರಿ, ಶುರು ಎಲ್ಲಿಂದ? ಈಗಿನಿಂದ ಹಿಂದಕ್ಕೆ. ಸೊಸೆಯ ಅಜ್ಜ 1950ಕ್ಕೆ ಮುಂಚೆ ಹುಟ್ಟಿದ್ರೆ ಆ ವರ್ಷದ ಜನಗಣತೀಲಿ ಸಿಗ್ತಾರೆ. ಅಮೆರಿಕದಲ್ಲಿ ಜನಗಣತಿಯ ಹೆಸರು ಸಮೇತ ಹಾಳೆಗಳನ್ನ 72 ವರ್ಷ ಮುಚ್ಚಿಡ್ತಾರೆ, 1950ರದ್ದು 2022ರ ಏಪ್ರಿಲ್‌ನಲ್ಲಿ ಬಿಟ್ರು. ಅಲ್ಲಿ ಅಜ್ಜನ ಜೊತೆ ಯಾರ್ಯಾರು ಇದ್ರು, ಯಾವ ಟೌನ್‌ಶಿಪ್ ಅಂತ ಬರೆದಿಟ್ಕೊಳ್ಳಿ, ಆಮೇಲೆ 1940, 1930 ಹೀಗೆ ಇಳೀತಾ ಹೋಗಿ. 1900ರ ಹಾಳೆ ಸಿಕ್ಕಾಗ ನಿಧಾನ ಮಾಡಿ, ಅದರಲ್ಲಿ ಹುಟ್ಟಿದ ತಿಂಗಳು ವರ್ಷ, ತಾಯಿಗೆ ಎಷ್ಟು ಮಕ್ಕಳಾದ್ರು, ಎಷ್ಟು ಉಳಿದ್ರು ಅಂತಾನೂ ಇದೆ. ಯಜಮಾನನಿಗೆ ಏನಾಗಬೇಕು ಅನ್ನೋ ಕಾಲಂ 1880ರಿಂದ. 1850ಕ್ಕಿಂತ ಹಿಂದಕ್ಕೆ ಹೋದ್ರೆ ಮನೆ ಯಜಮಾನನ ಹೆಸರು ಮಾತ್ರ, ಹೆಂಡತಿ ಮಕ್ಕಳು ಬರೀ ಗೀಟು, ಇಷ್ಟು ವಯಸ್ಸಿನ ಗಂಡಸು ಇಷ್ಟು, ಹೆಂಗಸು ಇಷ್ಟು ಅಂತ.

ಮರಣ ಪತ್ರ ಇನ್ನೊಂದು ಒಳ್ಳೆ ಮೆಟ್ಟಿಲು. ಒಹಾಯೋದಲ್ಲಿ 1908ರ ಡಿಸೆಂಬರ್ 20ರಿಂದ ರಾಜ್ಯ ಸರ್ಕಾರ ಹುಟ್ಟು ಸಾವು ದಾಖಲೆ ಮಾಡೋಕೆ ಶುರು ಮಾಡ್ತು, ಆ ಪತ್ರದಲ್ಲಿ ಸತ್ತೋರ ಅಪ್ಪ ಅಮ್ಮನ ಹೆಸರು, ಅಮ್ಮನ ತವರಿನ ಹೆಸರು ಸಮೇತ ಇರುತ್ತೆ. ಆದ್ರೆ ಆ ಮಾಹಿತಿ ಕೊಟ್ಟಿರೋದು ಯಾರೋ ಅಳಿಯನೋ ಪಕ್ಕದ ಮನೆಯೋನೋ, ಸತ್ತೋನು ಎದ್ದು ಬಂದು ತಿದ್ದಲ್ಲ, ಅದು ನೆನಪಿರ್ಲಿ. 1867ರಿಂದ 1908ರ ತನಕದ್ದು ಪ್ರೊಬೇಟ್ ಕೋರ್ಟಿನ ದಪ್ಪ ರಿಜಿಸ್ಟರಲ್ಲಿ ಇದೆ, ಆದ್ರೆ ಬಿಟ್ಟು ಹೋಗಿರೋದು ಬಹಳ, ಮನೇಲೇ ಹೆರಿಗೆ ಆದ ಹಳ್ಳಿ ಜನ ಮಗು ಹುಟ್ಟಿದ್ದು ಬರೆಸೋಕೆ ಕುದುರೆ ಕಟ್ಕೊಂಡು ಮಿಲ್ಲರ್ಸ್‌ಬರ್ಗ್‌ಗೆ ಹೋಗ್ತಾ ಕೂರ್ತಿದ್ರಾ?

ಈಗ ನಾನು ಹೇಳಬೇಕಾದ ಮುಖ್ಯ ಮಾತು. ನಾವು ವಂಶ ಅಂದ ತಕ್ಷಣ ಬರ್ತ್ ಸರ್ಟಿಫಿಕೇಟ್ ಹುಡುಕ್ತೀವಿ. ಈ ಕೌಂಟೀಲಿ ಅದಕ್ಕಿಂತ ಜಮೀನು ಪತ್ರ ನಂಬಿ. ಅಮಿಶ್ ಮನುಷ್ಯ ಚರ್ಚಿನ ಪುಸ್ತಕದಲ್ಲಿ ಇಲ್ಲದೇ ಇರಬಹುದು, ಸರ್ಕಾರಿ ಹುಟ್ಟು ಪಟ್ಟೀಲಿ ಇಲ್ಲದೇ ಇರಬಹುದು, ಆದ್ರೆ ಹೊಲ ಕೊಂಡಿರ್ತಾನೆ, ಹೊಲ ಮಗನಿಗೆ ಕೊಟ್ಟಿರ್ತಾನೆ. ಆ ಪತ್ರದಲ್ಲಿ ಇಂಥ ಟೌನ್‌ಶಿಪ್ಪಿನ ಇಂಥ ಸೆಕ್ಷನ್ನಿನ ವಾಯವ್ಯ ಕಾಲುಭಾಗ, 160 ಎಕರೆ, ಮಾರಿದೋರು ಇಂಥೋರು ಮತ್ತು ಅವರ ಹೆಂಡತಿ ಇಂಥೋರು ಅಂತ ಇರುತ್ತೆ. ಹೆಂಡತಿ ಹೆಸರು ಯಾಕೆ ಅಂದ್ರೆ ಗಂಡನ ಆಸ್ತೀಲಿ ಅವಳಿಗೂ ಹಕ್ಕಿತ್ತು, ಅವಳು ಅದನ್ನ ಬಿಟ್ಟುಕೊಡದೆ ಮಾರಾಟ ಪೂರ್ತಿ ಆಗ್ತಿರಲಿಲ್ಲ. ಹಳೇ ಪತ್ರಗಳ ಕೊನೇಲಿ ಜಸ್ಟಿಸ್ ಆಫ್ ದಿ ಪೀಸ್ ಅನ್ನೋ ಊರಿನ ಸಣ್ಣ ನ್ಯಾಯಾಧಿಕಾರಿ ಒಂದು ಷರಾ ಬರೀತಾನೆ, ಗಂಡನನ್ನ ಆಚೆ ಇಟ್ಟು ಹೆಂಡತೀನ ಬೇರೆಯಾಗಿ ವಿಚಾರಿಸಿದೆ, ಪತ್ರದಲ್ಲಿ ಏನಿದೆ ಅಂತ ತಿಳಿಸಿ ಹೇಳಿದೆ, ಯಾರ ಬಲವಂತವೂ ಇಲ್ಲದೆ ಒಪ್ಪಿದಾಳೆ ಅಂತ. 1850ಕ್ಕೆ ಮುಂಚಿನ ಜನಗಣತೀಲಿ ಬರೀ ಗೀಟಾಗಿದ್ದ ಹೆಂಗಸಿಗೆ ಹೆಸರು ಸಿಗೋದು ಎಷ್ಟೋ ಸಲ ಈ ಷರಾದಲ್ಲೇ. ಮಕ್ಕಳೆಲ್ಲಾ ಸೇರಿ ಅಪ್ಪನ ಹೊಲ ಒಬ್ಬ ತಮ್ಮನಿಗೆ ಬರೆದುಕೊಟ್ಟ ಪತ್ರ ಸಿಕ್ಕಿಬಿಟ್ರೆ ಮುಗೀತು, ಅಕ್ಕ ತಂಗಿಯರು, ಅವರ ಗಂಡಂದಿರು, ಯಾರು ಯಾವ ರಾಜ್ಯಕ್ಕೆ ವಲಸೆ ಹೋದ್ರು ಎಲ್ಲಾ ಒಂದೇ ಹಾಳೇಲಿ.

ಅದರ ಪಕ್ಕದಲ್ಲಿ ಪ್ರೊಬೇಟ್ ಕಾಗದ ಇಟ್ಕೊಂಡು ಓದಿ. ಮನೆಯೋನು ಸತ್ತ ಮೇಲೆ ಊರಿನ ನಾಲ್ಕು ಜನ ಬಂದು ಸಾಮಾನು ಪಟ್ಟಿ ಮಾಡ್ತಾರೆ, ಹಸು ಎಷ್ಟು, ಕುದುರೆ ಸರಂಜಾಮು ಎಷ್ಟು, ಒಲೆ, ಗಡಿಯಾರ, ಜರ್ಮನ್ ಬೈಬಲ್, ಗೋಣಿ ಗೋಧಿ, ಪ್ರತಿಯೊಂದಕ್ಕೂ ಬೆಲೆ. ವಿಧವೆಗೆ ಒಂದು ವರ್ಷದ ಊಟಕ್ಕೆ ಅಂತ ಏನೇನು ಬಿಡಬೇಕು ಅಂತ ಬೇರೆ ಪಟ್ಟಿ. ಆಮೇಲೆ ಹರಾಜು, ಯಾರು ಏನು ಕೊಂಡ್ರು ಅಂತ ಹೆಸರು ಸಮೇತ. ಹರಾಜಲ್ಲಿ ಕೊಂಡಿರೋ ಹೆಸರುಗಳನ್ನ ಗಮನಿಸಿ, ಅರ್ಧ ಜನ ಭಾವ ಮೈದುನ ಅಳಿಯಂದಿರೇ ಆಗಿರ್ತಾರೆ.

ಇನ್ನೊಂದು ಎಚ್ಚರಿಕೆ. ಅಮೆರಿಕದಲ್ಲಿ ಸತ್ತೋರನ್ನ ಹುಡುಕೋಕೆ ಎಲ್ಲರೂ ಸೋಶಿಯಲ್ ಸೆಕ್ಯುರಿಟಿ ಅನ್ನೋ ಸರ್ಕಾರಿ ಪೆನ್ಷನ್ ವಿಮೆಯ ಮರಣ ಸೂಚಿ ನೋಡ್ತಾರೆ. ಅಮಿಶ್ ಜನ ಅದರಲ್ಲಿ ಎಷ್ಟೋ ಸಲ ಇರಲ್ಲ. ನಮ್ಮೋರನ್ನ ನಾವೇ ನೋಡ್ಕೊಳ್ತೀವಿ, ಸರ್ಕಾರದ ವಿಮೆ ಬೇಡ ಅಂತ ಅವರ ಹಠ, 1961ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ತೆರಿಗೆಯೋರು ಒಬ್ಬ ಅಮಿಶ್ ರೈತನ ಕುದುರೆಗಳನ್ನ ಜಪ್ತಿ ಮಾಡಿದ್ದು ದೊಡ್ಡ ಗಲಾಟೆ ಆಗಿ, 1965ರಲ್ಲಿ ಕಾನೂನಲ್ಲೇ ಅವರಿಗೆ ವಿನಾಯ್ತಿ ಬಂತು. ಹಾಗಾಗಿ ಸೂಚೀಲಿ ಹೆಸರಿಲ್ಲ ಅಂದ್ರೆ ಬದುಕಿದ್ದಾರೆ ಅಂತ ಅಂದ್ಕೋಬೇಡಿ.

ದುಡ್ಡು ಕಟ್ಟಬೇಕಾ ಅಂತಾನೂ ಕೇಳಿದೀರ. ಮೊದಲು ಫ್ಯಾಮಿಲಿಸರ್ಚ್ ಅನ್ನೋ ವೆಬ್‌ಸೈಟ್ ನೋಡಿ, ಮಾರ್ಮನ್ ಚರ್ಚಿನೋರು ನಡೆಸೋದು, ಅಕೌಂಟ್ ಫ್ರೀ. ಅವರ 24 ಲಕ್ಷ ಮೈಕ್ರೋಫಿಲ್ಮ್ ಸುರುಳಿಗಳನ್ನ ಡಿಜಿಟಲ್ ಮಾಡಿ ಮುಗಿಸಿದ್ದು 2021ರಲ್ಲಿ. ಒಹಾಯೋ ಕೌಂಟಿಗಳ ಮದುವೆ ದಾಖಲೆ ಅದರಲ್ಲಿ ಚೆನ್ನಾಗಿ ಸಿಗುತ್ತೆ. ಮದುವೆ ಮಾಡಿಸಿದ ಬಿಷಪ್ಪನ ಹೆಸರು ಬರ್ಕೊಳ್ಳೋದು ಮರೀಬೇಡಿ, ಆತ ಯಾವ ಚರ್ಚ್ ಸುತ್ತಿನೋನು (ಸುತ್ತು ಅಂದ್ರೆ ಒಟ್ಟಿಗೆ ಪ್ರಾರ್ಥನೆ ಮಾಡೋ ಅಕ್ಕಪಕ್ಕದ ಮನೆಗಳ ಗುಂಪು) ಅಂತ ತಿಳಿದ್ರೆ ಮನೆ ಯಾವ ಕಡೆ ಅಂತ ಅಂದಾಜಾಗುತ್ತೆ.

ಪ್ರ: ಅಮಿಶ್ ಮಂದಿ ಕಂಪ್ಯೂಟರ್ ಮುಟ್ಟೂದಿಲ್ಲ, ಮನ್ಯಾಗ ಕರೆಂಟ್ ಇಲ್ಲ ಅಂತೀರಿ. ಹಂಗಾರ ಅವರ ವಂಶದ ಲೆಕ್ಕ ಯಾರು ಇಟ್ಟಾರ್ರಿ? ನಮ್ಮ ಕಡೆ ಹೆಳವರು ಎತ್ತಿನ ಮ್ಯಾಲೆ ಬಂದು ಮನೆತನದ ಹೆಸರು ಹೇಳತಾರಲ್ಲ, ಹಂಗ ಯಾರರ ಅದಾರೇನು? (ಬೈಲಹೊಂಗಲದ ಓದುಗರು)

ಹೆಳವರ ಥರ ಅದನ್ನೇ ಕಸುಬು ಮಾಡ್ಕೊಂಡಿರೋ ಸಮುದಾಯ ಅಲ್ಲಿಲ್ಲ ರೀ, ಅಲ್ಲಿ ಮಂದಿನೇ ತಮ್ಮ ಲೆಕ್ಕ ತಾವೇ ಇಡ್ತಾರೆ, ಅದೂ ಅಚ್ಚುಕಟ್ಟಾಗಿ.

ಚರ್ಚ್ ಕಟ್ಟಡ ಇಲ್ಲ ಅವರಿಗೆ. ಎರಡು ವಾರಕ್ಕೊಂದು ಭಾನುವಾರ ಯಾರಾದ್ರೂ ಒಬ್ರ ಮನೇಲೋ ಕೊಟ್ಟಿಗೇಲೋ ಪ್ರಾರ್ಥನೆ. ದೀಕ್ಷೆ ಕೊಡೋದು ದೊಡ್ಡೋರಾದ ಮೇಲೆ, ಹಾಗಾಗಿ ಕೂಸು ಹುಟ್ಟಿದ ವಾರದಲ್ಲೇ ಅಪ್ಪ ಅಮ್ಮನ ಹೆಸರು ಬರೆದಿಡೋ ಪುಸ್ತಕ ಅಲ್ಲಿ ಹುಟ್ಟಲೇ ಇಲ್ಲ. ಪಕ್ಕದಲ್ಲೇ ಇದ್ದ ಲೂಥರನ್ ಜರ್ಮನ್ನರಲ್ಲಿ ಅದು ಇದೆ. ಆದ್ರೆ ಪ್ರತಿ ಮನೆ ಬೈಬಲ್ಲಲ್ಲಿ ಒಂದೆರಡು ಹಾಳೆ ಹುಟ್ಟು ಸಾವಿಗೆ ಮೀಸಲು. ಅದರ ಮೇಲೆ ಡೈರೆಕ್ಟರಿ ಅಂತ ಬರುತ್ತೆ, ಒಂದೊಂದು ಚರ್ಚ್ ಸುತ್ತಿನ ಪ್ರತಿ ಮನೆ, ಗಂಡ ಹೆಂಡತಿ, ಅವರ ಹುಟ್ಟಿದ ದಿನ, ಎರಡೂ ಕಡೆ ಅಪ್ಪ ಅಮ್ಮ, ಮಕ್ಕಳು, ಕಸುಬು ಸಮೇತ. ಇದನ್ನ ಸರ್ಕಾರ ಮಾಡ್ಸಲ್ಲ, ಅವರೇ ಮನೆಮನೆಯಿಂದ ಕೂಡಿಸಿ ಅಚ್ಚು ಹಾಕಿಸ್ತಾರೆ.

ಪಕ್ಕದ ಟಸ್ಕರಾವಸ್ ಕೌಂಟಿಯ ಶುಗರ್‌ಕ್ರೀಕ್‌ನಲ್ಲಿ 1890ರಿಂದ ಬಜೆಟ್ ಅನ್ನೋ ವಾರಪತ್ರಿಕೆ ಬರ್ತಿದೆ. ಹಣಕಾಸಿನ ಬಜೆಟ್ ಅಲ್ಲ. ಬೇರೆ ಬೇರೆ ರಾಜ್ಯದ ಅಮಿಶ್ ಊರುಗಳಿಂದ ಜನ ಕಾಗದ ಬರೀತಾರೆ, ನಮ್ಮಲ್ಲಿ ಮಳೆ ಆಯ್ತು, ಇಂಥೋರ ಮನೇಲಿ ಗಂಡು ಕೂಸು, ಇಂಥೋರು ಹೋಮ್ಸ್ ಕೌಂಟಿಯಿಂದ ಬಂದು ಮೂರು ದಿನ ಉಳ್ಕೊಂಡಿದ್ರು, ಇಂಥಜ್ಜಿ ತೀರ್ಕೊಂಡ್ರು. ಓದೋರಿಗೆ ಬೋರು, ವಂಶ ಹುಡುಕೋರಿಗೆ ನಿಧಿ. ಬಾಲ್ಟಿಕ್ ಅನ್ನೋ ಊರಿಂದ 1930ರಿಂದ ಜರ್ಮನ್ ಪಂಚಾಂಗವೂ ಬರ್ತಿದೆ, ರೇಬರ್ ಪಂಚಾಂಗ ಅಂತಾನೇ ಹೆಸರುವಾಸಿ, ಅದರಲ್ಲಿ ಯಾವ ಸುತ್ತಿಗೆ ಯಾರು ಬಿಷಪ್, ಯಾರು ಪ್ರವಚನಕಾರ ಅನ್ನೋ ಪಟ್ಟಿ ಇರುತ್ತೆ.

ಪುಸ್ತಕದ ಮಾತು ಬಂದ್ರೆ ಹೋಖ್‌ಸ್ಟೆಟ್ಲರ್ ಮನೆತನದ ಕಥೆ ಹೇಳ್ಲೇಬೇಕು. ಜೇಕಬ್ ಹೋಖ್‌ಸ್ಟೆಟ್ಲರ್ 1738ರಲ್ಲಿ ಹಡಗು ಹತ್ತಿ ಪೆನ್ಸಿಲ್ವೇನಿಯಾಕ್ಕೆ ಬಂದೋನು. 1757ರ ಸೆಪ್ಟೆಂಬರಲ್ಲಿ, ಫ್ರೆಂಚರಿಗೂ ಬ್ರಿಟಿಷರಿಗೂ ಯುದ್ಧ ನಡೀತಿದ್ದಾಗ, ಅವನ ಮನೆ ಮೇಲೆ ಆದಿವಾಸಿ ಯೋಧರು ದಾಳಿ ಮಾಡಿದ್ರು. ಮಕ್ಕಳು ಬೇಟೆ ಬಂದೂಕು ಕೈಗೆ ತಗೊಂಡ್ರು, ಅಪ್ಪ ಬೇಡ ಅಂದ, ಮನುಷ್ಯರ ಮೇಲೆ ಗುಂಡು ಹಾರಿಸೋದು ನಮ್ಮ ಧರ್ಮ ಅಲ್ಲ ಅಂದ. ಮನೆಗೆ ಬೆಂಕಿ ಬಿತ್ತು, ಹೆಂಡತಿ, ಒಬ್ಬ ಮಗ, ಒಬ್ಬ ಮಗಳು ಸತ್ರು, ಜೇಕಬ್ ಮತ್ತೆ ಇಬ್ಬರು ಗಂಡು ಮಕ್ಕಳನ್ನ ಸೆರೆ ಹಿಡಿದು ಕರ್ಕೊಂಡು ಹೋದ್ರು. ಉಳಿದ ಮಕ್ಕಳ ಸಂತಾನ ಎಷ್ಟು ಬೆಳೀತು ಅಂದ್ರೆ, ಹಾರ್ವಿ ಹಾಸ್ಟೆಟ್ಲರ್ ಅನ್ನೋ ಪಾದ್ರಿ 1912ರಲ್ಲಿ ಆ ವಂಶದ ಲೆಕ್ಕ ಅಚ್ಚು ಹಾಕಿಸಿದಾಗ ಸಾವಿರ ಪುಟ ದಾಟ್ತು. ಇವತ್ತಿಗೂ ಹೋಮ್ಸ್ ಕೌಂಟಿ ಅಮಿಶ್ ಮನೆತನ ಹಿಡಿದು ಮೇಲಕ್ಕೆ ಹೋದ್ರೆ ಎಲ್ಲೋ ಒಂದು ಕಡೆ ಈ ಜೇಕಬ್ ಸಿಕ್ಕೇ ಸಿಗ್ತಾನೆ ಅನ್ನೋ ಹಾಗಿದೆ. ಮೈಸೂರಿನ ಅಮ್ಮನೂ ಇದನ್ನ ಗುರುತು ಹಾಕ್ಕೊಳ್ಳಲಿ.

ಪ್ರ: ನಾನು ಎಂಬಿಬಿಎಸ್ ಸ್ಟೂಡೆಂಟ್. ಜೆನೆಟಿಕ್ಸ್ ಕ್ಲಾಸಲ್ಲಿ ಅಮಿಶ್ ಅಂತ ಪದೇ ಪದೇ ಬರುತ್ತೆ. ಈ ವಂಶಾವಳಿಗೂ ಅದಕ್ಕೂ ಲಿಂಕ್ ಇದ್ಯಾ? (ದಾವಣಗೆರೆಯ ಓದುಗರು)

ನೇರ ಲಿಂಕ್ ಇದೆ. ಶುರುವಾತಿನಲ್ಲಿ ಬಂದ ಕುಟುಂಬ ಕಮ್ಮಿ, ಮದುವೆ ಒಳಗೊಳಗೇ, ಕುಟುಂಬ ದೊಡ್ಡದು, ಎಲ್ಲಕ್ಕಿಂತ ಮುಖ್ಯ ಯಾರ ಮಕ್ಕಳು ಯಾರು ಅಂತ ಬರೆದಿಟ್ಟಿದ್ದಾರೆ. ತಂದೆ ತಾಯಿ ಇಬ್ಬರಿಂದಲೂ ಒಂದೇ ದೋಷದ ಜೀನ್ ಬಂದ್ರೆ ಮಾತ್ರ ಕಾಣಿಸ್ಕೊಳ್ಳೋ ಕಾಯಿಲೆ ಹುಡುಕೋಕೆ ಇದಕ್ಕಿಂತ ಏನು ಬೇಕು? ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಡಾಕ್ಟರ್ ವಿಕ್ಟರ್ ಮೆಕ್ಯೂಸಿಕ್ 1960ರ ದಶಕದಲ್ಲಿ ಇದನ್ನೇ ಹಿಡಿದ್ರು. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರಲ್ಲಿ ಕುಳ್ಳಗಿನ ಮೈಕಟ್ಟು, ಕೈಗೆ ಹೆಚ್ಚುವರಿ ಬೆರಳು ಬರೋ ಎಲ್ಲಿಸ್ ವ್ಯಾನ್ ಕ್ರೆವೆಲ್ಡ್ ಕಾಯಿಲೆಯ ಕೇಸುಗಳನ್ನ ಹಿಂದಕ್ಕೆ ಹಿಡ್ಕೊಂಡು ಹೋಗಿ 1744ರಲ್ಲಿ ವಲಸೆ ಬಂದ ಒಂದೇ ದಂಪತಿಗೆ ಮುಟ್ಟಿಸಿದ್ರು. ಒಹಾಯೋ ಅಮಿಶ್ ಜನರಲ್ಲಿ ಹೆರಾಲ್ಡ್ ಕ್ರಾಸ್ ಮತ್ತು ಮೆಕ್ಯೂಸಿಕ್ 1967ರಲ್ಲಿ ವಿವರಿಸಿದ್ದು ಟ್ರಾಯರ್ ಸಿಂಡ್ರೋಮ್, ಕಾಲು ಬಿಗಿಯಾಗ್ತಾ, ಕೈಕಾಲಿನ ತುದಿ ಕಡೆ ಮಾಂಸಖಂಡ ಸೊರಗ್ತಾ ಹೋಗೋದು. ಹೌದು, ಮೇಲೆ ಹೇಳಿದ ಟ್ರಾಯರ್ ಅನ್ನೋ ಮನೆತನದ ಹೆಸರೇ. ಅದಕ್ಕೆ ಕಾರಣವಾದ ಜೀನ್ ಸಿಕ್ಕಿದ್ದು 2002ರಲ್ಲಿ. ಒಂದು ಮನೆತನದ ಹೆಸರನ್ನ ಕಾಯಿಲೆಗೆ ಇಡೋದು ನನಗಂತೂ ಸರಿ ಅನ್ಸಲ್ಲ, ಹೆಣ್ಣು ಕೇಳೋಕೆ ಹೋದಾಗ ಏನಾಗುತ್ತೋ ಪಾಪ.

ಪ್ರ: ಅಮಿಶ್ ಬರೋಕೆ ಮುಂಚೆ ಅಲ್ಲಿ ಯಾರೂ ಇರ್ಲಿಲ್ವಾ? (ಶಿರಸಿಯ ಓದುಗರು)

ಇದ್ರು. ಲೆನಾಪೆ ಜನ, ಬಿಳಿಯರು ಡೆಲಾವೇರ್ ಅಂತ ಕರೀತಿದ್ರು. ಕೌಂಟಿ ನಡುವೆ ಹರಿಯೋ ಕಿಲ್‌ಬಕ್ ಹಳ್ಳ ಇದೆಯಲ್ಲ, ಅದು ಲೆನಾಪೆ ಮುಖಂಡ ಗೆಲೆಲೆಮೆಂಡ್‌ನ ಮನೆತನಕ್ಕೆ ಇಂಗ್ಲಿಷರು ಕರೀತಿದ್ದ ಹೆಸರು. ಹಳ್ಳಕ್ಕೆ ಹೆಸರು ಉಳೀತು, ಕೋರ್ಟ್‌ಹೌಸ್ ಪುಸ್ತಕದಲ್ಲಿ ಅವರ ಒಂದು ಪತ್ರ ಇಲ್ಲ, ಯಾಕಂದ್ರೆ ಕೌಂಟಿ ಹುಟ್ಟೋ ಹೊತ್ತಿಗೆ ಅವರನ್ನ ಅಲ್ಲಿಂದ ಎಬ್ಬಿಸಿ ಆಗಿತ್ತು.

ಅವರಲ್ಲಿ ಕೆಲವರ ಹೆಸರು ಸಿಗೋದು ಮೊರೇವಿಯನ್ ಅನ್ನೋ ಪ್ರೊಟೆಸ್ಟಂಟ್ ಪಂಥದ ಮಿಷನರಿಗಳ ದಿನಚರಿ ಮತ್ತು ದೀಕ್ಷಾ ಪುಸ್ತಕಗಳಲ್ಲಿ. ಡೇವಿಡ್ ಝೈಸ್‌ಬರ್ಗರ್ 1772ರಲ್ಲಿ ಪಕ್ಕದ ಟಸ್ಕರಾವಸ್ ಕಣಿವೇಲಿ ಶೋನ್‌ಬ್ರುನ್ ಅನ್ನೋ ಮಿಷನ್ ಹಳ್ಳಿ ಕಟ್ಟಿದ್ರು. ಅದರ ಹತ್ತಿರದ ನಾಡನ್‌ಹುಟ್ಟನ್‌ನಲ್ಲಿ 1782ರ ಮಾರ್ಚ್ 8ಕ್ಕೆ ಪೆನ್ಸಿಲ್ವೇನಿಯಾದ ಮಿಲಿಷಿಯಾದವರು 96 ಜನ ಕ್ರಿಶ್ಚಿಯನ್ ಲೆನಾಪೆ ಜನರನ್ನ, ಆಯುಧ ಹಿಡಿಯದೇ ಇದ್ದೋರನ್ನ, ಹೆಂಗಸರು ಮಕ್ಕಳು ಅನ್ನದೆ ಕೊಂದ್ರು. ಗೆಲೆಲೆಮೆಂಡ್ ತಾನೂ ಆಮೇಲೆ ದೀಕ್ಷೆ ತಗೊಂಡು ವಿಲಿಯಂ ಹೆನ್ರಿ ಆದ, 1811ರಲ್ಲಿ ಸತ್ತ. ಈ ಕಾಗದಗಳು ಪೆನ್ಸಿಲ್ವೇನಿಯಾದ ಬೆತ್ಲೆಹೆಮ್ ಊರಿನ ಮೊರೇವಿಯನ್ ಆರ್ಕೈವ್ಸ್‌ನಲ್ಲಿವೆ, ಬಹಳಷ್ಟು ಜರ್ಮನ್‌ನಲ್ಲಿ. ಕೌಂಟಿ ಇತಿಹಾಸ ಅಂತ ಅಚ್ಚಾಗೋ ಪುಸ್ತಕಗಳು ಸಾಮಾನ್ಯವಾಗಿ ಮೊದಲ ಬಿಳಿ ರೈತನಿಂದ ಶುರುವಾಗ್ತವೆ. ಅಮಿಶ್ ಲೆಕ್ಕದಲ್ಲಿ ಆ ಮೊದಲಿಗ ಜೋನಸ್ ಸ್ಟುಟ್ಜ್‌ಮನ್, 1809ರಲ್ಲಿ ಪೆನ್ಸಿಲ್ವೇನಿಯಾದಿಂದ ಬಂದು ವಾಲ್ನಟ್ ಕ್ರೀಕ್ ಹತ್ರ ನೆಲೆ ನಿಂತೋನು. ವಯಸ್ಸಾದ ಮೇಲೆ ಬರೀ ಬಿಳಿ ಬಟ್ಟೆ ಹಾಕ್ಕೊಂಡು, ಯೇಸು 1853ರಲ್ಲಿ ಬರ್ತಾನೆ ಅಂತ ಸಾರಿ, ಅವನು ಕೂರೋಕೆ ಅಂತ ಒಂದು ಕುರ್ಚೀನೂ ಮಾಡಿಟ್ಟಿದ್ದ. ಜನ ನಕ್ರು, ಬಿಳಿ ಜೋನಸ್ ಅಂತ ಅಡ್ಡಹೆಸರಿಟ್ರು. ಆದ್ರೆ ಅದೇ ಅಡ್ಡಹೆಸರಿಂದ ಇವತ್ತು ಮಿಕ್ಕ ಜೋನಸ್‌ಗಳ ನಡುವೆ ಅವನನ್ನ ಥಟ್ಟಂತ ಗುರುತು ಹಿಡೀಬಹುದು.

ಪ್ರ: ಶಾಂತಿಪ್ರಿಯರು ಅಂತೀರಿ, ಆದ್ರೆ ಹೋಮ್ಸ್ ಕೌಂಟೀಲಿ ಸೈನ್ಯದ ವಿರುದ್ಧ ದಂಗೆ ಆಗಿತ್ತು ಅಂತ ಎಲ್ಲೋ ಓದಿದ ನೆನಪು. (ಹಾಸನದ ಓದುಗರು)

ಆಗಿತ್ತು, ಆದ್ರೆ ಅದನ್ನ ಅಮಿಶ್ ತಲೆಗೆ ಕಟ್ಟಬೇಡಿ. ಅವರು ಹೆಚ್ಚಾಗಿ ಇದ್ದಿದ್ದು ಪೂರ್ವದ ಕಡೆ, ಗಲಾಟೆ ಆಗಿದ್ದು ಪಶ್ಚಿಮದ ಈಗಿನ ಗ್ಲೆನ್‌ಮಾಂಟ್ ಸುತ್ತ. ಅಂತರ್ಯುದ್ಧದ ಕಾಲ, 1863ರ ಜೂನ್, ಸೈನ್ಯಕ್ಕೆ ಕಡ್ಡಾಯ ಸೇರ್ಸೋಕೆ ಹೆಸರು ಬರ್ಕೊಳ್ಳೋ ಅಧಿಕಾರಿ ಬಂದ, ಜನ ಕಲ್ಲು ಹೊಡೆದ್ರು, ಬಂಧಿಸಿದೋರನ್ನ ಬಿಡಿಸ್ಕೊಂಡ್ರು, ಗುಡ್ಡದ ಮೇಲೆ ನೂರಾರು ಜನ ಸೇರಿ ಅಡ್ಡಗೋಡೆ ಕಟ್ಕೊಂಡು ಕೂತ್ರು. ಕೊಲಂಬಸ್‌ನ ಕ್ಯಾಂಪ್ ಚೇಸ್‌ನಿಂದ ಸೈನ್ಯ ಬಂತು, ಸ್ವಲ್ಪ ಗುಂಡು ಹಾರಿದ ಮೇಲೆ ಎಲ್ಲಾ ಚದುರಿ ಹೋದ್ರು. ಅದಕ್ಕೇ ಆ ಜಾಗಕ್ಕೆ ಠುಸ್ಸಂದ ಕೋಟೆ ಅನ್ನೋ ಅರ್ಥದ ಫೋರ್ಟ್ ಫಿಜಲ್ ಅಂತ ಹೆಸರು ಬಿತ್ತು. ಆ ಕಾಲದ ಹೋಮ್ಸ್ ಕೌಂಟಿ ಫಾರ್ಮರ್ ಪತ್ರಿಕೆ ಲಿಂಕನ್ ಸರ್ಕಾರದ ವಿರೋಧಿ, ಹೋಮ್ಸ್ ಕೌಂಟಿ ರಿಪಬ್ಲಿಕನ್ ಪರ. ಎರಡೂ ಲೈಬ್ರರಿ ಆಫ್ ಕಾಂಗ್ರೆಸ್‌ನ ಹಳೇ ಪತ್ರಿಕೆಗಳ ಸೈಟಲ್ಲಿ ಬಿಟ್ಟಿಯಾಗಿ ಓದ್ಬಹುದು, ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ, ಬಯ್ಗುಳ ಹೇಗಿರುತ್ತೆ ಅಂತ ಗೊತ್ತಾಗುತ್ತೆ.

ಪ್ರ: 1890ರ ಜನಗಣತಿ ಎಲ್ಲೂ ಸಿಗ್ತಿಲ್ಲ. (ಬೆಂಗಳೂರಿನ ಓದುಗರು)

ಸಿಗಲ್ಲ. 1921ರ ಜನವರೀಲಿ ವಾಷಿಂಗ್ಟನ್‌ನಲ್ಲಿ ಬೆಂಕಿ ಬಿದ್ದು ಬಹುತೇಕ ಹಾಳಾಯ್ತು, ಉಳಿದಿದ್ದನ್ನ ಆಮೇಲೆ ಸರ್ಕಾರವೇ ನಾಶ ಮಾಡ್ತು. ಆ ಇಪ್ಪತ್ತು ವರ್ಷದ ಗ್ಯಾಪಿಗೆ ಮದುವೆ ರಿಜಿಸ್ಟರು, ತೆರಿಗೆ ಪಟ್ಟಿ, ಜಮೀನು ಪತ್ರಾನೇ ಗತಿ.

ಪ್ರ: ಮಗಳು ಕೊಲಂಬಸ್‌ನಲ್ಲಿದ್ದಾಳೆ, ಬೇಸಿಗೇಲಿ ಹೋಗ್ತೀವಿ. ಹೋಮ್ಸ್ ಕೌಂಟೀಲಿ ಏನು ನೋಡೋದು? (ಮಂಗಳೂರಿನ ಓದುಗರು)

ಕಾರಲ್ಲಿ ಎರಡು ಗಂಟೆ ಒಳಗೇ ಹೋಗ್ಬಹುದು, ಭಾನುವಾರ ಮಾತ್ರ ಹೋಗಬೇಡಿ, ಅಮಿಶ್ ಅಂಗಡಿ ಎಲ್ಲಾ ಮುಚ್ಚಿರುತ್ತೆ. ಬರ್ಲಿನ್ ಅನ್ನೋ ಊರಲ್ಲಿ ಅಮಿಶ್ ಮತ್ತು ಅವರ ಸೋದರ ಪಂಥವಾದ ಮೆನ್ನೊನೈಟ್ ಪರಂಪರೆಯ ಕೇಂದ್ರ ಇದೆ, ಅಲ್ಲಿ ಹೈಂಜ್ ಗೌಗಲ್ ಬರೆದ 265 ಅಡಿ ಉದ್ದದ ದುಂಡು ಚಿತ್ರ ಇದೆ, 10 ಅಡಿ ಎತ್ತರ, ಅವರ ಇತಿಹಾಸ ಯುರೋಪಿನ ಹಿಂಸೆಯಿಂದ ಹಿಡಿದು ಒಹಾಯೋ ತನಕ. 1992ರಲ್ಲಿ ಮುಗಿಸಿದ್ದು. ಗೈಡ್ ಜೊತೆ ನೋಡಿ, ಸುಮ್ನೆ ನೋಡಿದ್ರೆ ಅರ್ಥ ಆಗಲ್ಲ. ಮಿಲ್ಲರ್ಸ್‌ಬರ್ಗ್‌ಗೆ ವಾರದ ದಿನ ಹೋದ್ರೆ ರೆಕಾರ್ಡರ್ ಕಚೇರೀಲಿ ಹಳೇ ಡೀಡ್ ಪುಸ್ತಕ ಕೇಳಿ ನೋಡ್ಬಹುದು, ಸಾರ್ವಜನಿಕ ದಾಖಲೆ ಅದು. ಹೊಲದ ಅಂಚಲ್ಲಿ ಸಣ್ಣ ಸಣ್ಣ ಸ್ಮಶಾನ ಕಾಣ್ತವೆ, ಕೆಲವು ಖಾಸಗಿ ಜಮೀನು, ಮನೆಯೋರನ್ನ ಕೇಳಿ ಒಳಗೆ ಹೋಗಿ. ಜನರ ಮುಖದ ಫೋಟೋ ತೆಗೀಬೇಡಿ, ಅವರಿಗೆ ಹಿಡಿಸಲ್ಲ. ಗಾಡಿಗೆ ಹಿಂದಿನಿಂದ ಹಾರ್ನ್ ಹೊಡೀಬೇಡಿ ಅಂತ ಅಳಿಯಂದಿರಿಗೂ ಹೇಳಿ, ಕುದುರೆ ಬೆದರುತ್ತೆ.